ಒಂದೇ ಹೋಸ್ಟಿಂಗ್, ಮೂರು ಡೊಮೇನ್: ವೆಬ್‌ಸೈಟ್ ಮೇಲ್ ಯಾರ ಹೆಸರಲ್ಲಿ ಹೋಗಬೇಕು?

ಮೆಣಸಿನಕಾಯಿ_ಅಳಿಯ (ಹುಬ್ಬಳ್ಳಿ) · ಭಾನುವಾರ, ರಾತ್ರಿ 10:52

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಇದರಲ್ಲೇ ತಲೆ ಕೆಡಿಸಿಕೊಂಡು ಕೂತಿದ್ದೇನೆ.

ನಮ್ಮ ಸೋದರಮಾವನದು ದುರ್ಗದಬೈಲ್ ಹತ್ತಿರ ಬ್ಯಾಡಗಿ ಮೆಣಸಿನಕಾಯಿ, ಖಾರಪುಡಿ, ಮಸಾಲೆ ಅಂಗಡಿ. ಹೋದ ದೀಪಾವಳಿಗೆ ವರ್ಡ್‌ಪ್ರೆಸ್ ಮೇಲೆ ವೂಕಾಮರ್ಸ್ (ಆನ್‌ಲೈನ್ ಅಂಗಡಿಯ ಪ್ಲಗಿನ್) ಹಾಕಿ ಒಂದು ವೆಬ್‌ಸೈಟ್ ಮಾಡಿಕೊಟ್ಟೆ. ಜನ ಆರ್ಡರ್ ಹಾಕುತ್ತಾರೆ, ದುಡ್ಡೂ ಬರುತ್ತದೆ. ಆದರೆ "ನಿಮ್ಮ ಆರ್ಡರ್ ಸಿಕ್ಕಿದೆ" ಅನ್ನುವ ಮೇಲ್ ಕೆಲವರಿಗೆ ಸ್ಪ್ಯಾಮ್‌ಗೆ ಹೋಗುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಪುಣೆಯಿಂದ ಒಬ್ಬರು ಅಂಗಡಿಗೇ ಫೋನ್ ಮಾಡಿ, ದುಡ್ಡು ಹೋಗಿದೆ, ಒಂದು ರಸೀದಿನೂ ಇಲ್ಲ, ಇದು ಅಂಗಡಿಯೋ ಮೋಸವೋ ಎಂದು ಕೇಳಿದ್ದಾರೆ. ಮಾಮಾ ನನಗೆ ಫೋನ್ ಮಾಡಿ "ಮೂವತ್ತು ವರ್ಷದಾಗ ಯಾರೂ ನನಗ ಹಿಂಗ ಅಂದಿರಲಿಲ್ಲಲೇ" ಅಂದರು. ಅವತ್ತು ರಾತ್ರಿ ಊಟ ಸೇರಲಿಲ್ಲ.

ಹೋಸ್ಟಿಂಗ್ ಶೇರ್ಡ್ ಸರ್ವರ್ (ಹಲವರ ಸೈಟುಗಳು ಒಂದೇ ಸರ್ವರ್‌ನಲ್ಲಿ), ಅದನ್ನು ನಡೆಸಲು ಸಿ-ಪ್ಯಾನೆಲ್ ಇದೆ. ಒಂದೇ ಖಾತೆಯಲ್ಲಿ ಮೂರು ಡೊಮೇನ್. ಮೊದಲು ಹಾಕಿದ್ದು ಧಾರವಾಡದ ಒಂದು ಸಂಗೀತ ಕ್ಲಾಸಿನದು. ಆಮೇಲೆ ಮಾಮಾನ ಅಂಗಡಿ. ಮೂರನೆಯದು ನಾವು ಓದಿದ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘ. ಮೂರರಲ್ಲೂ ಒಂದೊಂದು ಅವತಾರ. ಸಂಗೀತ ಕ್ಲಾಸಿನ ಪಾಸ್‌ವರ್ಡ್ ಮೇಲ್ "ವರ್ಡ್‌ಪ್ರೆಸ್" ಅನ್ನುವ ಹೆಸರಲ್ಲಿ ಬರುತ್ತದೆ. ಅಂಗಡಿಯ ಆರ್ಡರ್ ಮೇಲ್ ನನ್ನ ಸ್ವಂತ ಜಿಮೇಲ್ ಹೆಸರಲ್ಲಿ ಹೋಗುತ್ತದೆ. ಸಂಘದ ಸಂಪರ್ಕ ಫಾರ್ಮ್‌ನಲ್ಲಿ ಯಾರಾದರೂ ಬರೆದರೆ, ಮೇಲ್ ಅವರೇ ಕಳಿಸಿದ ಹಾಗೆ ಬರುತ್ತದೆ, ಅಂದರೆ ಬಂದರೆ.

ಎಲ್ಲಿಂದ ಶುರು ಮಾಡಲಿ?

ಹಾವೇರಿ_ಹೈದ · ಭಾನುವಾರ, ರಾತ್ರಿ 11:10

ಡಿಎನ್‌ಎಸ್‌ನಲ್ಲಿ (ಡೊಮೇನಿನ ವಿಳಾಸ ಪುಸ್ತಕ) ಎಸ್‌ಪಿಎಫ್ ಸಾಲಿನ (ನಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನುವ ಪಟ್ಟಿ) ಕೊನೆಗೆ "ಪ್ಲಸ್ ಆಲ್" ಹಾಕಿಬಿಡಿ ಗುರುಗಳೇ. ನಾನು ಹಾಗೇ ಮಾಡಿದ್ದೇನೆ. ಮುಗೀತು.

ಸಪ್ತಾಪುರ_ಸರ್ವರ್ (ಧಾರವಾಡ) · ಸೋಮವಾರ, ಬೆಳಿಗ್ಗೆ 7:25

@ಹಾವೇರಿ_ಹೈದ ದಯವಿಟ್ಟು ಇವತ್ತೇ ಅದನ್ನು ತೆಗೆಯಿರಿ. ಪ್ಲಸ್ ಆಲ್ ಅಂದರೆ "ಜಗತ್ತಿನ ಯಾವ ಸರ್ವರ್ ಬೇಕಾದರೂ ನಮ್ಮ ಹೆಸರಲ್ಲಿ ಮೇಲ್ ಕಳಿಸಲಿ" ಎಂದು ಬೋರ್ಡು ಹಾಕಿದ ಹಾಗೆ. ಪ್ಲಸ್ ಬದಲು ಟಿಲ್ಡೆ (~) ಇಲ್ಲವೇ ಮೈನಸ್ (-) ಇರಬೇಕು ಅಲ್ಲಿ.

@ಮೆಣಸಿನಕಾಯಿ_ಅಳಿಯ ಅವರೇ, ಊಹೆ ಬೇಡ, ಮೊದಲು ಒಂದು ಮೇಲ್ ಬಿಚ್ಚಿ ನೋಡೋಣ. ನಿಮ್ಮ ಅಂಗಡಿಯಲ್ಲೇ ಒಂದು ಟೆಸ್ಟ್ ಆರ್ಡರ್ ಹಾಕಿ. ಬಂದ ಮೇಲ್ ಅನ್ನು ಫೋನ್‌ನಲ್ಲಲ್ಲ, ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು ನೋಡಿ. ಬಲಗಡೆ ಮೂರು ಚುಕ್ಕೆ, ಅದರಲ್ಲಿ "ಶೋ ಒರಿಜಿನಲ್". ಮೇಲ್ಗಡೆ ಪೆಟ್ಟಿಗೆಯಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂದು ಇರುತ್ತದೆ, ಮೇಲ್ ಅಸಲಿಯೋ ಎಂದು ನೋಡುವ ಮೂರು ಪರೀಕ್ಷೆ ಅವು. ಕೆಳಗೆ "ರಿಟರ್ನ್-ಪಾತ್" ಅನ್ನುವ ಸಾಲು ಹುಡುಕಿ. ಇಷ್ಟು ಹೇಳಿ, ಉಳಿದದ್ದು ಆಮೇಲೆ.

ಮೆಣಸಿನಕಾಯಿ_ಅಳಿಯ · ಸೋಮವಾರ, ಬೆಳಿಗ್ಗೆ 9:48

ಚಿಗರಿ ಬಸ್ಸಿನಲ್ಲೇ ಲ್ಯಾಪ್‌ಟಾಪ್ ತೆರೆದು ನೋಡಿದೆ ಸರ್. ಫ್ರಮ್ ಇದ್ದಲ್ಲಿ ನನ್ನ ಜಿಮೇಲ್. ರಿಟರ್ನ್-ಪಾತ್ ಇದ್ದಲ್ಲಿ ಸಿ-ಪ್ಯಾನೆಲ್ ಯೂಸರ್‌ನೇಮ್, ಅಟ್, ಆಮೇಲೆ ಹೋಸ್ಟಿಂಗ್ ಕಂಪನಿಯ ಸರ್ವರಿನ ಉದ್ದನೆಯ ಹೆಸರು. ಎಸ್‌ಪಿಎಫ್ ಪಾಸ್ ಅಂತಿದೆ. ಡಿಕಿಮ್ ಸಾಲೇ ಇಲ್ಲ. ಡಿಮಾರ್ಕ್ ಫೇಲ್.

ಎಸ್‌ಪಿಎಫ್ ಪಾಸ್ ಆದಮೇಲೂ ಫೇಲ್ ಯಾಕೆ?

ಸಪ್ತಾಪುರ_ಸರ್ವರ್ · ಸೋಮವಾರ, ಮಧ್ಯಾಹ್ನ 1:30

ಬಹಳ ಜನ ಎಡವುವುದು ಇಲ್ಲೇ. ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಮಾವನವರಿಗೆ ಗೊತ್ತಿರುವ ಭಾಷೆಯಲ್ಲೇ ಹೇಳುತ್ತೇನೆ. ಬ್ಯಾಡಗಿಯಿಂದ ಮಾಲು ಬರುವಾಗ ಚೀಲದ ಮೇಲೆ ಒಂದು ಮಾರ್ಕು ಇರುತ್ತದೆ. ಲಾರಿ ಡ್ರೈವರ್ ಕೈಯಲ್ಲಿ ಒಂದು ಬಿಲ್ಟಿ, ಅಂದರೆ ಸಾಗಣೆ ರಸೀದಿ, ಇರುತ್ತದೆ. ಮೇಲ್‌ಗೂ ಹಾಗೇ ಎರಡು ಹೆಸರು. ಓದುವವರಿಗೆ ಕಾಣುವ ಫ್ರಮ್ ಅಂದರೆ ಚೀಲದ ಮೇಲಿನ ಮಾರ್ಕು. ಬ್ರಷ್ ಹಿಡಿದವರು ಯಾರು ಬೇಕಾದರೂ ಬರೆಯಬಹುದು. ಸರ್ವರುಗಳು ತಮ್ಮತಮ್ಮಲ್ಲಿ ಹೇಳಿಕೊಳ್ಳುವ ರಿಟರ್ನ್-ಪಾತ್ ಅಂದರೆ ಬಿಲ್ಟಿ. ಮಾಲು ಇಳಿಸಿಕೊಳ್ಳದಿದ್ದರೆ ವಾಪಸ್ ಹೋಗುವುದು ಬಿಲ್ಟಿಯಲ್ಲಿರುವ ಹೆಸರಿಗೆ.

ಎಸ್‌ಪಿಎಫ್ ನೋಡುವುದು ಬಿಲ್ಟಿಯನ್ನು ಮಾತ್ರ. ನಿಮ್ಮ ಬಿಲ್ಟಿ ಹೋಸ್ಟಿಂಗ್ ಕಂಪನಿಯ ಹೆಸರಲ್ಲಿದೆ, ಲಾರಿಯೂ ಅವರದೇ, ಹಾಗಾಗಿ ಪಾಸ್. ಡಿಕಿಮ್ ಅಂದರೆ ಚೀಲದ ಬಾಯಿಗೆ ಒತ್ತಿದ ಸೀಲು. ನಿಮ್ಮದಕ್ಕೆ ಸೀಲೇ ಇಲ್ಲ. ಡಿಮಾರ್ಕ್ ಕೊನೆಗೆ ಬಂದು ಒಂದೇ ಪ್ರಶ್ನೆ ಕೇಳುತ್ತದೆ: ಮಾರ್ಕಿನಲ್ಲಿರುವ ಡೊಮೇನ್ ಬಿಲ್ಟಿಗಾದರೂ ಸೀಲಿಗಾದರೂ ಹೊಂದುತ್ತದೆಯಾ? ಎರಡರಲ್ಲಿ ಒಂದು ಹೊಂದಿ, ಅದು ಪಾಸೂ ಆಗಿದ್ದರೆ ಸಾಕು. ನಿಮ್ಮ ಮಾರ್ಕು ಜಿಮೇಲ್, ಬಿಲ್ಟಿ ಇನ್ಯಾರದೋ, ಸೀಲಿಲ್ಲ. ಫೇಲ್ ಆಗದೆ ಇನ್ನೇನು?

ಜಿಮೇಲ್ ಹೆಸರು ಬಂದದ್ದು ಹೇಗೆ ಅಂದರೆ, ಸೈಟ್ ಮಾಡುವಾಗ ಅಡ್ಮಿನ್ ವಿಳಾಸಕ್ಕೆ ನಿಮ್ಮ ಜಿಮೇಲ್ ಕೊಟ್ಟಿದ್ದೀರಿ. ವೂಕಾಮರ್ಸ್ ಸುಮ್ನೆ ಅದನ್ನೇ ಫ್ರಮ್ ಆಗಿ ಎತ್ತಿಕೊಂಡಿದೆ. ಫೆಬ್ರವರಿ 2024ರಿಂದ ಗೂಗಲ್ ಮತ್ತು ಯಾಹೂ ಎರಡೂ ಕಳಿಸುವವರ ಮೇಲೆ ನಿಯಮ ಬಿಗಿ ಮಾಡಿವೆ. ಸಣ್ಣವರಿಗೂ ಎಸ್‌ಪಿಎಫ್ ಇಲ್ಲವೇ ಡಿಕಿಮ್ ಇರಲೇಬೇಕು. ಜಿಮೇಲ್ ವಿಳಾಸವನ್ನು ಫ್ರಮ್‌ನಲ್ಲಿ ಹಾಕಿ ಬೇರೆ ಸರ್ವರ್‌ನಿಂದ ಕಳಿಸಬೇಡಿ ಎಂದು ಗೂಗಲ್ ಆ ನಿಯಮಗಳಲ್ಲೇ ಬರೆದಿದೆ.

ಸಂಘದ ಫಾರ್ಮ್ ರೋಗವೂ ಇದೇ. ಬಂದವರ ವಿಳಾಸವನ್ನು ಫ್ರಮ್‌ನಲ್ಲಿ ತುರುಕಿದ್ದೀರಿ. ಯಾಹೂ ಏಪ್ರಿಲ್ 2014ರಲ್ಲೇ "ನಮ್ಮ ಹೆಸರಲ್ಲಿ ಬೇರೆಯವರು ಕಳಿಸಿದರೆ ಬಾಗಿಲಲ್ಲೇ ತಿರುಗಿಸಿ" ಎಂದು ಡಿಮಾರ್ಕ್‌ನಲ್ಲಿ ಹೇಳಿಬಿಟ್ಟಿತು. ಯಾಹೂ ವಿಳಾಸ ಇರುವ ನಿಮ್ಮ ಹಳೆಯ ಮೇಷ್ಟ್ರು ಯಾರಾದರೂ ಫಾರ್ಮ್ ತುಂಬಿದರೆ ಅದು ಬರುವುದೇ ಇಲ್ಲ. ಬಂದವರ ವಿಳಾಸ ಹೋಗಬೇಕಾದ ಜಾಗ ರಿಪ್ಲೈ-ಟು, ಅಂದರೆ ಉತ್ತರ ಹೋಗುವ ವಿಳಾಸ. ಫ್ರಮ್ ಯಾವಾಗಲೂ ಆ ಸೈಟಿನ ಸ್ವಂತ ಡೊಮೇನಿನದು.

ಉಣಕಲ್_ಕೆರೆ (ಹುಬ್ಬಳ್ಳಿ) · ಸೋಮವಾರ, ಸಂಜೆ 6:15

ಬಿಲ್ಟಿ ಉದಾಹರಣೆ ಚಲೋ ಇದೆ. ನಮ್ಮಪ್ಪ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿದ್ದರು, ಅವರಿಗೂ ಓದಿ ಹೇಳಿದೆ. "ಮಾರ್ಕು ಒಂದು, ಬಿಲ್ಟಿ ಒಂದು ಇದ್ದರೆ ನಾವೂ ಮಾಲು ಇಳಿಸುತ್ತಿರಲಿಲ್ಲ" ಅಂದರು.

ಮಾಡುವುದು ಹೇಗೆ ಅನ್ನುವುದನ್ನು ನಾನು ಬರೆಯುತ್ತೇನೆ, ನನ್ನ ಕೈಯಲ್ಲಿ ಇಂಥ ಏಳೆಂಟು ಸೈಟುಗಳಿವೆ. ಸಿ-ಪ್ಯಾನೆಲ್‌ನ "ಇಮೇಲ್ ಅಕೌಂಟ್ಸ್" ಒಳಗೆ ಪ್ರತಿ ಡೊಮೇನ್‌ಗೂ ಒಂದೊಂದು ನಿಜವಾದ ಮೇಲ್‌ಬಾಕ್ಸ್ ಮಾಡಿ. ಅಂಗಡಿಗೆ "ಆರ್ಡರ್", ಕ್ಲಾಸಿಗೆ "ಆಫೀಸ್", ಏನೋ ಒಂದು. "ನೋ-ರಿಪ್ಲೈ" ಅಂತ ಇಲ್ಲದ ವಿಳಾಸ ಹಾಕಬೇಡಿ. ವಾಪಸ್ ಬಂದ ಮೇಲ್ ಬೀಳಲು ಒಂದು ಜಾಗ ಬೇಕು. ಅಲ್ಲದೆ ನಮ್ಮ ಜನ ರಿಪ್ಲೈ ಒತ್ತಿಯೇ "ಖಾರ ಜಾಸ್ತಿ ಇರುವುದು ಕಳಿಸಿ" ಎಂದು ಬರೆಯುವುದು.

ಆಮೇಲೆ ಪ್ರತಿ ವರ್ಡ್‌ಪ್ರೆಸ್‌ನಲ್ಲೂ ಒಂದು ಎಸ್‌ಎಂಟಿಪಿ ಪ್ಲಗಿನ್ (ಮೇಲ್‌ಬಾಕ್ಸ್‌ಗೆ ಲಾಗಿನ್ ಆಗಿ ಮೇಲ್ ಕಳಿಸುವಂಥದ್ದು) ಹಾಕಿ. ಸರ್ವರ್ ಹೆಸರು, ಪೋರ್ಟ್ 465 ಆದರೆ ಎಸ್‌ಎಸ್‌ಎಲ್, 587 ಆದರೆ ಟಿಎಲ್‌ಎಸ್, ಯೂಸರ್‌ನೇಮ್ ಜಾಗದಲ್ಲಿ ಪೂರ್ತಿ ಮೇಲ್ ವಿಳಾಸ. ಫ್ರಮ್ ವಿಳಾಸವೂ ಅದೇ ಇರಲಿ. "ಫೋರ್ಸ್ ಫ್ರಮ್" ಎಂದು ಒಂದು ಟಿಕ್ ಇರುತ್ತದೆ, ಅದನ್ನೂ ಹಾಕಿ. ಇಲ್ಲದಿದ್ದರೆ ಬೇರೆ ಪ್ಲಗಿನ್‌ಗಳು ತಮಗೆ ತಿಳಿದ ಹೆಸರಲ್ಲಿ ಕಳಿಸುತ್ತವೆ. ಹೀಗೆ ಲಾಗಿನ್ ಆಗಿ ಕಳಿಸಿದಾಗ ಬಿಲ್ಟಿಯೂ ನಿಮ್ಮ ಡೊಮೇನಿನದೇ ಆಗುತ್ತದೆ.

ಕೊನೆಗೆ "ಇಮೇಲ್ ಡೆಲಿವರಬಿಲಿಟಿ" ಅನ್ನುವ ಪುಟ ತೆರೆದರೆ ಮೂರೂ ಡೊಮೇನ್ ಸಾಲಾಗಿ ಕಾಣುತ್ತವೆ. ಎಲ್ಲಿ ಎಸ್‌ಪಿಎಫ್, ಡಿಕಿಮ್ ಇಲ್ಲವೋ ಅಲ್ಲಿ "ರಿಪೇರ್" ಒತ್ತಿ. ಆದರೆ ಡೊಮೇನಿನ ನೇಮ್‌ಸರ್ವರ್ (ಡಿಎನ್‌ಎಸ್ ಸಾಲುಗಳನ್ನು ಇಟ್ಟಿರುವ ಸರ್ವರ್) ಬೇರೆ ಕಡೆ ಇದ್ದರೆ ಆ ಬಟನ್ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ತೋರಿಸಿದ ಸಾಲನ್ನು ಕಾಪಿ ಮಾಡಿ, ಡಿಎನ್‌ಎಸ್ ನಿಜವಾಗಿ ಎಲ್ಲಿದೆಯೋ ಅಲ್ಲಿ ಹಾಕಬೇಕು.

ಮೆಣಸಿನಕಾಯಿ_ಅಳಿಯ · ಮಂಗಳವಾರ, ರಾತ್ರಿ 11:40

ಮೂರೂ ಮಾಡಿದೆ ಅಕ್ಕಾ! ಸಂಗೀತ ಕ್ಲಾಸಿನ ಡೊಮೇನ್‌ದು ನೇಮ್‌ಸರ್ವರ್ ಬೇರೆ ಕಡೆ ಇತ್ತು, ನೀವು ಹೇಳಿದ್ದು ಅಲ್ಲೇ ತಗುಲಿತು. ಅರ್ಧ ದಿನ ಸಿ-ಪ್ಯಾನೆಲ್‌ನಲ್ಲೇ ತಿದ್ದುತ್ತಾ ಕೂತಿದ್ದೆ, ಗಾಳಿಗೆ ಗುದ್ದಿದ ಹಾಗೆ. ಡಿಕಿಮ್ ಸಾಲು ಉದ್ದ ಜಾಸ್ತಿ ಎಂದು ಅಲ್ಲಿನ ಪ್ಯಾನೆಲ್ ತಗೊಳ್ಳಲಿಲ್ಲ.

ಸಪ್ತಾಪುರ_ಸರ್ವರ್ · ಬುಧವಾರ, ಬೆಳಿಗ್ಗೆ 7:05

ನಿಮ್ಮ ಡಿಕಿಮ್ ಕೀ 2048 ಬಿಟ್‌ನದು ಅನ್ನಿಸುತ್ತದೆ, ಅದಕ್ಕೇ ಸಾಲು ಉದ್ದ. ಡಿಎನ್‌ಎಸ್‌ನ ಟಿಎಕ್ಸ್‌ಟಿ (ಪಠ್ಯ) ದಾಖಲೆಯಲ್ಲಿ ಒಂದು ತುಂಡು 255 ಅಕ್ಷರ ಮೀರಬಾರದು. ಎರಡು ತುಂಡು ಮಾಡಿ, ಒಂದೊಂದಕ್ಕೂ ಬೇರೆ ಉದ್ಧರಣ ಚಿಹ್ನೆ ಹಾಕಿ, ಒಂದೇ ದಾಖಲೆಯಲ್ಲಿ ಇಡಿ. ಓದುವ ಸರ್ವರ್ ತಾನೇ ಜೋಡಿಸಿಕೊಳ್ಳುತ್ತದೆ.

ಗದಗ_ಪ್ರೆಸ್ · ಬುಧವಾರ, ಬೆಳಿಗ್ಗೆ 10:20

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದು ಬೆಟಗೇರಿಯಲ್ಲಿ ಪ್ರಿಂಟಿಂಗ್ ಪ್ರೆಸ್. ಮದುವೆ ಕಾರ್ಡಿನ ರೇಟ್ ಕೇಳಲು ಒಂದು ಫಾರ್ಮ್ ಇದೆ. ವರ್ಡ್‌ಪ್ರೆಸ್ ಅಲ್ಲ, ಹಿಂದೆ ಒಬ್ಬ ಹುಡುಗ ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟು ಹೋದ. ಈಗ ಅವನು ಬೆಂಗಳೂರು ಸೇರಿದ್ದಾನೆ, ಫೋನ್ ಎತ್ತುವುದಿಲ್ಲ. ಫ್ರಮ್ ಬದಲಿಸಿದೆ, ಆದರೂ ರಿಟರ್ನ್-ಪಾತ್‌ನಲ್ಲಿ ಅದೇ ಸರ್ವರ್ ಹೆಸರು ಬರುತ್ತಿದೆ.

ಹಾವೇರಿ_ಹೈದ · ಬುಧವಾರ, ಬೆಳಿಗ್ಗೆ 10:31

ಪಿಎಚ್‌ಪಿ ಸೆಟ್ಟಿಂಗ್‌ನಲ್ಲಿ "ಸೆಂಡ್‌ಮೇಲ್ ಫ್ರಮ್" ಅಂತ ಒಂದಿದೆ, ಅದರಲ್ಲಿ ಹಾಕಿ. (ಪ್ಲಸ್ ಆಲ್ ತೆಗೆದಿದ್ದೇನೆ ಸರ್, ಬೈಯಬೇಡಿ.)

ಸಪ್ತಾಪುರ_ಸರ್ವರ್ · ಬುಧವಾರ, ಮಧ್ಯಾಹ್ನ 2:10

ಹೈದ, ಇದೂ ತಪ್ಪು, ಆದರೆ ಈ ತಪ್ಪು ನಾನೂ ಮಾಡಿದ್ದೇನೆ. ಆ ಸೆಟ್ಟಿಂಗ್ ವಿಂಡೋಸ್ ಸರ್ವರ್‌ಗೆ. ಗದಗದವರದು ಲಿನಕ್ಸ್.

@ಗದಗ_ಪ್ರೆಸ್ ಅಣ್ಣಾವ್ರೇ, ಪಿಎಚ್‌ಪಿಯ ಮೇಲ್ ಫಂಕ್ಷನ್‌ಗೆ ಐದು ಜಾಗ ಇವೆ. ಯಾರಿಗೆ, ವಿಷಯ, ಪತ್ರ, ಹೆಡರ್ (ಫ್ರಮ್ ಮುಂತಾದ ತಲೆಸಾಲುಗಳು), ಆಮೇಲೆ ಐದನೆಯದು. ಸಾಮಾನ್ಯವಾಗಿ ಎಲ್ಲರೂ ನಾಲ್ಕಕ್ಕೇ ನಿಲ್ಲಿಸುತ್ತಾರೆ. ಆ ಐದನೇ ಜಾಗದಲ್ಲಿ ಮೈನಸ್, ಸಣ್ಣ ಎಫ್, ಅದಕ್ಕೆ ಅಂಟಿಸಿ ನಿಮ್ಮ ಪ್ರೆಸ್ಸಿನ ವಿಳಾಸ ಹಾಕಿದರೆ ಬಿಲ್ಟಿ ಬದಲಾಗುತ್ತದೆ. ವಿಳಾಸ ನೀವೇ ಟೈಪ್ ಮಾಡಿದ್ದಿರಬೇಕು. ಫಾರ್ಮ್‌ನಲ್ಲಿ ಜನ ತುಂಬಿದ್ದನ್ನು ಅಲ್ಲಿಗೆ ಬಿಡಬೇಡಿ. ಹೆಡರ್‌ಗೆ ಹೋಗುವ ಹೆಸರಿನಲ್ಲೂ ಹೊಸ ಸಾಲಿನ ಗುರುತು ಇದ್ದರೆ ತೆಗೆದುಹಾಕಿ. ಇಲ್ಲದಿದ್ದರೆ ನಿಮ್ಮ ಮದುವೆ ಕಾರ್ಡಿನ ಫಾರ್ಮ್‌ನಿಂದ ಯಾರೋ ಲಾಟರಿ ಮೇಲ್ ಕಳಿಸುತ್ತಾರೆ. ಪುರಸೊತ್ತು ಇದ್ದರೆ ಪಿಎಚ್‌ಪಿ-ಮೇಲರ್ ಲೈಬ್ರರಿ ಹಾಕಿ ಎಸ್‌ಎಂಟಿಪಿಯಿಂದಲೇ ಕಳಿಸಿ. ವರ್ಡ್‌ಪ್ರೆಸ್ ಒಳಗೆ ಇರುವುದೂ ಅದೇ.

ಮೆಣಸಿನಕಾಯಿ_ಅಳಿಯ · ಗುರುವಾರ, ರಾತ್ರಿ 9:15

ಹೊಸ ತೊಂದರೆ. ಗಿರಾಕಿಗಳಿಗೆ ಮೇಲ್ ಸರಿಯಾಗಿ ಹೋಗುತ್ತಿದೆ, ಮೂರೂ ಪರೀಕ್ಷೆ ಪಾಸ್. ಆದರೆ ಮಾಮಾಗೆ ಬರಬೇಕಾದ "ಹೊಸ ಆರ್ಡರ್" ಮೇಲ್ ಮಂಗಳವಾರದಿಂದ ಒಂದೂ ಬಂದಿಲ್ಲ! ಸ್ಪ್ಯಾಮ್‌ನಲ್ಲೂ ಇಲ್ಲ. ಎರಡು ದಿನ ಗಿರಾಕಿಗಳಿಗೆ ರಸೀದಿ ಹೋಗಿದೆ, ಅಂಗಡಿಗೆ ಸುದ್ದಿಯೇ ಇಲ್ಲ. ಮೊದಲೇ ವಾಸಿ ಇತ್ತು.

ಮಾಮಾಗೆ ಮೊದಲು ಆರ್ಡರ್ ಸುದ್ದಿ ನನ್ನ ಜಿಮೇಲ್‌ಗೆ ಬರುತ್ತಿತ್ತು, ನಾನು ವಾಟ್ಸಾಪ್ ಮಾಡುತ್ತಿದ್ದೆ. ಈಗ ಶಾಣ್ಯಾತನ ಮಾಡಿ ನೇರ ಅಂಗಡಿಯ "ಆರ್ಡರ್" ವಿಳಾಸಕ್ಕೇ ಹೋಗುವ ಹಾಗೆ ಬದಲಿಸಿದೆ. ಅಂಗಡಿಯ ಮೇಲ್ ಎಲ್ಲ ಒಂದು ವರ್ಷದಿಂದ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿದೆ (ಸ್ವಂತ ಡೊಮೇನಿನ ಮೇಲ್‌ಗೆ ಗೂಗಲ್‌ನ ಸೇವೆ). ಹೊರಗಿನವರು ಅದೇ ವಿಳಾಸಕ್ಕೆ ಕಳಿಸಿದರೆ ಬರುತ್ತದೆ. ವೆಬ್‌ಸೈಟ್ ಕಳಿಸಿದ್ದು ಮಾತ್ರ ಮಾಯ.

ಉಣಕಲ್_ಕೆರೆ · ಗುರುವಾರ, ರಾತ್ರಿ 9:32

ತಮ್ಮಾ, ಸಿ-ಪ್ಯಾನೆಲ್‌ನ ವೆಬ್‌ಮೇಲ್‌ಗೆ ಹೋಗು. ಮಂಗಳವಾರ ಹೊಸದಾಗಿ ಮಾಡಿದ "ಆರ್ಡರ್" ಮೇಲ್‌ಬಾಕ್ಸ್ ತೆರೆದು ನೋಡು.

ಮೆಣಸಿನಕಾಯಿ_ಅಳಿಯ · ಗುರುವಾರ, ರಾತ್ರಿ 9:37

ಹದಿನೇಳು ಆರ್ಡರ್. ಎಲ್ಲ ಇಲ್ಲೇ ಬೆಚ್ಚಗೆ ಕೂತಿವೆ.

ಉಣಕಲ್_ಕೆರೆ · ಗುರುವಾರ, ರಾತ್ರಿ 9:58

ಅಂದುಕೊಂಡೆ. ಅಂಗಡಿಯ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಎಂದು ಹೊರಗಿನವರಿಗೆ ಹೇಳುವುದು ಡಿಎನ್‌ಎಸ್‌ನ ಎಂಎಕ್ಸ್ ದಾಖಲೆ. ಆದರೆ ನಿನ್ನ ಹೋಸ್ಟಿಂಗ್ ಸರ್ವರ್ "ಈ ಡೊಮೇನ್ ನಮ್ಮ ಮನೆಯದೇ, ಹೊರಗೆ ಯಾಕೆ ಕೇಳಬೇಕು" ಎಂದುಕೊಂಡಿದೆ. ಎಂಎಕ್ಸ್ ನೋಡದೇ ಒಳಗಿನ ಪೆಟ್ಟಿಗೆಗೇ ಹಾಕಿಬಿಟ್ಟಿದೆ.

ಸಿ-ಪ್ಯಾನೆಲ್‌ನಲ್ಲಿ "ಇಮೇಲ್ ರೂಟಿಂಗ್" ತೆರೆ, ಅಂಗಡಿಯ ಡೊಮೇನ್ ಆರಿಸು. "ಲೋಕಲ್ ಮೇಲ್ ಎಕ್ಸ್‌ಚೇಂಜರ್" ಮೇಲಿರುವ ಗುರುತನ್ನು "ರಿಮೋಟ್" ಮೇಲೆ ಇಡು. ಪೆಟ್ಟಿಗೆ ಅಳಿಸಬೇಡ. ಎಸ್‌ಎಂಟಿಪಿ ಲಾಗಿನ್‌ಗೆ ಅದು ಬೇಕು, ರಿಮೋಟ್ ಮಾಡಿದರೂ ಲಾಗಿನ್ ನಡೆಯುತ್ತದೆ.

ಇನ್ನೊಂದು. ಆ ಡೊಮೇನ್‌ಗೆ ಎಸ್‌ಪಿಎಫ್ ಸಾಲು ಎಷ್ಟಿವೆ ಎಣಿಸು. ವರ್ಕ್‌ಸ್ಪೇಸ್ ಹಾಕಿದಾಗ ಒಂದು, ನೀನು ರಿಪೇರ್ ಒತ್ತಿದಾಗ ಇನ್ನೊಂದು ಆಗಿಲ್ಲ ತಾನೇ? ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ಸಾಲು ಇರಬೇಕು. ಎರಡು ಇದ್ದರೆ ಎರಡೂ ಇಲ್ಲದ ಹಾಗೆ, ಪರೀಕ್ಷೆಯೇ ಕೆಟ್ಟುಹೋಗುತ್ತದೆ. ಗೂಗಲ್‌ನ "ಇನ್‌ಕ್ಲೂಡ್" (ಅವರ ಸರ್ವರ್‌ಗಳನ್ನೂ ಸೇರಿಸಿ ಅನ್ನುವ ಭಾಗ) ಮತ್ತು ಹೋಸ್ಟಿಂಗ್‌ನದು ಎರಡನ್ನೂ ಒಂದೇ ಸಾಲಿನಲ್ಲಿ ಬರೆ. ಸಿಕ್ಕಸಿಕ್ಕವರನ್ನೆಲ್ಲ ಸೇರಿಸುತ್ತಾ ಹೋಗಬೇಡ, ಡಿಎನ್‌ಎಸ್ ವಿಚಾರಣೆ 10 ದಾಟಿದರೂ ಫೇಲ್.

ಮೆಣಸಿನಕಾಯಿ_ಅಳಿಯ · ಗುರುವಾರ, ರಾತ್ರಿ 10:26

ರಿಮೋಟ್ ಮಾಡಿದೆ, ಟೆಸ್ಟ್ ಆರ್ಡರ್ ಮಾಮಾನ ಫೋನ್‌ನಲ್ಲಿ ಟಣ್ ಅಂತು. ಎಸ್‌ಪಿಎಫ್ ಒಂದೇ ಇದೆ, ಸದ್ಯ. ಈಗ ಹದಿನೇಳು ಆರ್ಡರ್ ಪ್ಯಾಕ್ ಮಾಡಲು ನನ್ನನ್ನೇ ಕರೆದಿದ್ದಾರೆ.

ಚಿಗರಿ_ಪ್ಯಾಸೆಂಜರ್ (ಧಾರವಾಡ) · ಶುಕ್ರವಾರ, ಬೆಳಿಗ್ಗೆ 8:50

ನನ್ನ ಅಭಿಪ್ರಾಯ ಬೇರೆ. ಶೇರ್ಡ್ ಸರ್ವರ್‌ನಿಂದ ಮೇಲ್ ಕಳಿಸುವುದೇ ಬೇಡ. ಅದೇ ಐಪಿಯಲ್ಲಿ (ಸರ್ವರಿನ ಅಂಕಿಯ ವಿಳಾಸ) ಯಾರ್ಯಾರು ಇರುತ್ತಾರೋ ನಿಮಗೆ ಗೊತ್ತಿಲ್ಲ. ಪಕ್ಕದವನ ಸೈಟ್ ಹ್ಯಾಕ್ ಆಗಿ ಸ್ಪ್ಯಾಮ್ ಹೊರಟರೆ ಐಪಿ ಬ್ಲಾಕ್‌ಲಿಸ್ಟ್ ಸೇರುತ್ತದೆ. ನಿಮ್ಮ ಎಸ್‌ಪಿಎಫ್, ಡಿಕಿಮ್ ಎಲ್ಲ ಸರಿ ಇದ್ದರೂ ಮೇಲ್ ನಿಲ್ಲುತ್ತದೆ. ನನಗೆ ಹಬ್ಬದ ವಾರದಲ್ಲೇ ಹೀಗಾಯಿತು. ಹೋಸ್ಟಿಂಗ್‌ನವರು ನಾಲ್ಕು ದಿನ "ನೋಡುತ್ತಿದ್ದೇವೆ" ಅನ್ನುವುದರಲ್ಲೇ ಕಳೆದರು. ಈಗ ಮೇಲ್ ಕಳಿಸುವ ಸೇವೆಯಾದ ಅಮೆಜಾನ್ ಎಸ್‌ಇಎಸ್, ಮುಂಬೈ ವಿಭಾಗದಿಂದ ಕಳಿಸುತ್ತೇನೆ.

ಉಣಕಲ್_ಕೆರೆ · ಶುಕ್ರವಾರ, ಬೆಳಿಗ್ಗೆ 9:20

ದಿನಕ್ಕೆ ಹತ್ತು ಆರ್ಡರ್ ಬರುವ ಅಂಗಡಿಗೆ ಅದು ಇಲಿ ಹಿಡಿಯಲು ಗುಡ್ಡ ಅಗೆದ ಹಾಗೆ. ಸದ್ಯಕ್ಕೆ ಇದೇ ಸಾಕು. ಐಪಿ ಕೆಟ್ಟಾಗ ಬದಲಿಸಿದರಾಯಿತು. ಫ್ರಮ್ ಸ್ವಂತ ಡೊಮೇನಿನದು ಇರುವುದರಿಂದ ನಾಳೆ ಯಾವ ಸೇವೆಗೆ ಹೋದರೂ ಗಿರಾಕಿಗೆ ಕಾಣುವ ವಿಳಾಸ ಬದಲಾಗುವುದಿಲ್ಲ.

ಆದರೆ ಹಳೆಯ ವಿದ್ಯಾರ್ಥಿಗಳ ಸಂಘದ ವಿಷಯದಲ್ಲಿ ಚಿಗರಿಯವರ ಮಾತು ನಿಜ. ವಾರ್ಷಿಕ ಸಭೆಯ ಆಮಂತ್ರಣ ಸಾವಿರಾರು ಜನರಿಗೆ ಒಂದೇ ಏಟಿಗೆ ಕಳಿಸುವುದಾದರೆ ಶೇರ್ಡ್ ಸರ್ವರ್‌ನ ಗಂಟೆಯ ಮಿತಿ ಮುಟ್ಟುತ್ತದೆ. ಅದೇ ಖಾತೆಯಲ್ಲಿರುವ ಖಾರಪುಡಿಯ ರಸೀದಿಗೂ ಅದರ ಬಿಸಿ ತಟ್ಟಬಹುದು. ಅಂಥದ್ದಕ್ಕೆ ಬೇರೆ ಸೇವೆ ಇರಲಿ, ಸಂಘದ ಡೊಮೇನಿನ ಕೆಳಗೆ ಒಂದು ಸಬ್‌ಡೊಮೇನ್ ಇರಲಿ.

ಚಿಗರಿ_ಪ್ಯಾಸೆಂಜರ್ · ಶುಕ್ರವಾರ, ಬೆಳಿಗ್ಗೆ 9:41

ಆಯಿತು, ಒಪ್ಪಿದೆ. ಹಾಗೆ ಹೊರಗಿನ ಸೇವೆ ಹಾಕುವಾಗ ಒಂದು ನೆನಪಿರಲಿ. ಕೆಲವು ಶೇರ್ಡ್ ಸರ್ವರ್‌ಗಳು ಹೊರಗಿನ 587, 465 ಪೋರ್ಟ್ ಮುಚ್ಚಿರುತ್ತವೆ, ಇಲ್ಲವೇ ಸದ್ದಿಲ್ಲದೆ ತಮ್ಮ ಸರ್ವರ್‌ಗೇ ತಿರುಗಿಸುತ್ತವೆ. ಬೇರೆಯವರ ಸರ್ವರ್‌ಗೆ ಸಂಪರ್ಕ ಮಾಡಿದರೆ ಸರ್ಟಿಫಿಕೇಟ್‌ನಲ್ಲಿ ಹೋಸ್ಟಿಂಗ್ ಕಂಪನಿಯ ಹೆಸರು ಕಾಣುವುದು ಅದಕ್ಕೇ. ಆಗ ಎಸ್‌ಎಂಟಿಪಿ ಬಿಟ್ಟು ಆ ಸೇವೆಯ ಎಪಿಐ (ವೆಬ್ ಮೂಲಕವೇ ಕಳಿಸುವ ದಾರಿ) ಹಿಡಿಯಿರಿ, ಅದು ವೆಬ್‌ಸೈಟುಗಳ ಪೋರ್ಟ್ 443ರಲ್ಲಿ ಹೋಗುತ್ತದೆ.

ಮೆಣಸಿನಕಾಯಿ_ಅಳಿಯ · ಶನಿವಾರ, ಸಂಜೆ 7:30

ಸಂಘದ ಖಜಾಂಚಿಗಳು "ನಮ್ಮ ಜಿಮೇಲ್ ಹೆಸರೇ ಬೇಕು, ಎಲ್ಲರಿಗೂ ಅದೇ ಗೊತ್ತು" ಎಂದು ಹಟ ಹಿಡಿದಿದ್ದರು. ಅದನ್ನು ರಿಪ್ಲೈ-ಟುನಲ್ಲಿ ಹಾಕಿದೆ, ಉತ್ತರ ಅವರಿಗೇ ಹೋಗುತ್ತದೆ. ಒಪ್ಪಿಕೊಂಡರು. ಡಿಮಾರ್ಕ್ ಸಾಲನ್ನು ಮೂರಕ್ಕೂ "ನನ್" (none, ಫೇಲ್ ಆದರೂ ಏನೂ ಮಾಡಬೇಡಿ) ಎಂದು ಹಾಕಿ ವರದಿ ತರಿಸಿಕೊಳ್ಳುತ್ತಿದ್ದೇನೆ. ಒಂದು ತಿಂಗಳು ನೋಡಿ ಆಮೇಲೆ "ಕ್ವಾರಂಟೈನ್" (ಫೇಲ್ ಆದದ್ದನ್ನು ಸ್ಪ್ಯಾಮ್‌ಗೆ ಹಾಕಿ) ಮಾಡುತ್ತೇನೆ.

ಕೊನೆಯ ಪ್ರಶ್ನೆ, ಮಾಮಾನದು. ಫ್ರಮ್‌ನಲ್ಲಿ ಅಂಗಡಿಯ ಹೆಸರು ಕನ್ನಡದಲ್ಲಿ ಬರುತ್ತದೆಯಾ? ಬೋರ್ಡು ಕನ್ನಡದಲ್ಲಿದೆ, ಚೀಲ ಕನ್ನಡದಲ್ಲಿದೆ, ಇದೊಂದು ಯಾಕೆ ಇಂಗ್ಲಿಷ್ ಅನ್ನುತ್ತಾರೆ.

ಸಪ್ತಾಪುರ_ಸರ್ವರ್ · ಶನಿವಾರ, ರಾತ್ರಿ 8:05

ಧಾರಾಳವಾಗಿ ಬರುತ್ತದೆ. ವಿಳಾಸ ಇಂಗ್ಲಿಷ್ ಅಕ್ಷರದಲ್ಲೇ ಇರಲಿ, ಹೆಸರಿನ ಜಾಗದಲ್ಲಿ ಕನ್ನಡ ಬರೆಯಿರಿ. ಪ್ಲಗಿನ್ ತಾನೇ ಅದನ್ನು ಯುಟಿಎಫ್-8ಗೆ ಸುತ್ತಿ ಕಳಿಸುತ್ತದೆ. ಶೋ ಒರಿಜಿನಲ್‌ನಲ್ಲಿ ಅದು ಬರೀ ಪ್ರಶ್ನಾರ್ಥಕ ಚಿಹ್ನೆ, ಸಮ ಚಿಹ್ನೆ, ಅಡ್ಡಾದಿಡ್ಡಿ ಅಕ್ಷರವಾಗಿ ಕಾಣುತ್ತದೆ, ಗಾಬರಿಯಾಗಬೇಡಿ. ಇನ್‌ಬಾಕ್ಸ್‌ನಲ್ಲಿ ಕನ್ನಡವೇ. ಹೆಸರು ಚಿಕ್ಕದಿರಲಿ, ಫೋನ್‌ನಲ್ಲಿ ಕತ್ತರಿಸಿಹೋಗುತ್ತದೆ.

ಗದಗ_ಪ್ರೆಸ್ · ಶನಿವಾರ, ರಾತ್ರಿ 8:22

ಐದನೇ ಜಾಗ ಕೆಲಸ ಮಾಡಿತು ಸರ್, ಬಿಲ್ಟಿ ಈಗ ನಮ್ಮ ಹೆಸರಲ್ಲೇ. ಆದರೆ ನಾನು ಆಸೆಗೆ ಕನ್ನಡದ ಹೆಸರನ್ನು ನೇರವಾಗಿ ಹೆಡರ್‌ಗೆ ಬರೆದೆ. ಬೀಗರೊಬ್ಬರ ಇನ್‌ಬಾಕ್ಸ್‌ನಲ್ಲಿ ಅದು ಕೊಳೆತ ಅಕ್ಷರವಾಗಿ ಬಂದಿದೆ.

ಸಪ್ತಾಪುರ_ಸರ್ವರ್ · ಶನಿವಾರ, ರಾತ್ರಿ 8:30

ಕೈಬರಹದ ಕೋಡ್‌ನಲ್ಲಿ ನೀವೇ ಸುತ್ತಬೇಕು ಅಣ್ಣಾವ್ರೇ. ಪಿಎಚ್‌ಪಿಯಲ್ಲಿ ಅದಕ್ಕೆಂದೇ ಒಂದು ಫಂಕ್ಷನ್ ಇದೆ: ಎಂಬಿ, ಎನ್‌ಕೋಡ್, ಮೈಮ್‌ಹೆಡರ್, ನಡುವೆ ಅಂಡರ್‌ಸ್ಕೋರ್. ಹೆಸರನ್ನು ಮಾತ್ರ ಅದರೊಳಗೆ ಹಾಕಿ, ವಿಳಾಸ ಹೊರಗಿರಲಿ.

ಗದಗ_ಪ್ರೆಸ್ · ಶನಿವಾರ, ರಾತ್ರಿ 9:02

ಬಂತು. ಒತ್ತಕ್ಷರ ಸಮೇತ.